ಸಣ್ಣಪ್ಪನವರ ಪೆನ್ಸಿಲ್ ಬರಹ

ಸಣ್ಣಪ್ಪನವರು ಗ್ರಾಮಫೋನ್ ಪ್ಲೇಟು ಮುಟ್ಟುವ ಮೊದಲು ಕೈಯನ್ನು ಸೀಮೆಎಣ್ಣೆಯಲ್ಲಿ ಉಜ್ಜಿ, ಸೀಗೆಪುಡಿ ಹಾಕಿ ತೊಳೆದು, ಕೊನೆಗೆ ಮೂಸಿ ನೋಡುತ್ತಿದ್ದರು. ಗೊರೂರು ಅಣೆಕಟ್ಟೆಯ ಗೇಟು ಎತ್ತಿ ಇಳಿಸುವ ಕೆಲಸ ಅವರದು. ಉಗುರಿನ ಸಂದಿಯ ಗ್ರೀಸು ಅಷ್ಟು ಸುಲಭಕ್ಕೆ ಹೋಗುತ್ತಿರಲಿಲ್ಲ. ವಾಸನೆ ಉಳಿದಿದ್ದರೆ ಮತ್ತೆ ಬಚ್ಚಲಿಗೆ ಹೋಗುವರು. ನಾನು ಕಾಫಿ ಲೋಟ ಹಿಡಿದು ಕಾಯಬೇಕು.

ತೊಂಬತ್ತರ ದಶಕದ ಮಾತು. ನಾನು ಅಲ್ಲಿನ ಹೈಸ್ಕೂಲಿಗೆ ಹಾಸನದಿಂದ ಬಸ್ಸಿನಲ್ಲಿ ಬಂದು ಹೋಗುವ ಇಂಗ್ಲಿಷ್ ಮೇಷ್ಟ್ರು. ಶನಿವಾರ ಸ್ಕೂಲು ಬಿಟ್ಟೊಡನೆ ನೀರಾವರಿ ಕ್ವಾರ್ಟರ್ಸಿನ ಅವರ ಮನೆಗೆ ಓಡುತ್ತಿದ್ದೆ. ಎರಡು ಟ್ರಂಕು ತುಂಬ ಪ್ಲೇಟುಗಳಿದ್ದವು: ವೀಣೆ, ನಾಗಸ್ವರ, ಅಮೆರಿಕದ ಜಾಜ್. ಹಾಸನದ ಗುಜರಿ ಅಂಗಡಿಗಳಲ್ಲಿ ಕೆದಕಿ ಒಂದೊಂದಾಗಿ ತಂದವು. ಅವರಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ಹಾಗಾಗಿ ತಮಗೆ ಕೇಳಿಸಿದ್ದನ್ನು ಕವರಿನ ಹಿಂದೆ ಪೆನ್ಸಿಲಿನಲ್ಲಿ ಬರೆದಿಡುತ್ತಿದ್ದರು. ಯಾವ ಪ್ಲೇಟು ಎಂದು ತಿಳಿಯಲು ಅದೇ ಅವರ ಗುರುತು.

ನಾನು ಲೇಬಲ್ ಓದಲು ಬಗ್ಗಿದರೆ ಅಂಗೈ ಅಡ್ಡ ಹಿಡಿಯುವರು. “ಎಸ್ರು ಆಮ್ಯಾಕೆ ನೋಡೀರಂತೆ ಸಾ. ಏನ್ ಕೇಳುಸ್ತು, ಅದ್ನ ಮದ್ಲು ಯೋಳಿ.”

ಹೆಸರು ಗೊತ್ತಾಗದೆ ನನಗೆ ಮಾತೇ ಹೊರಡುತ್ತಿರಲಿಲ್ಲ. ಗೊತ್ತಾದ ಮೇಲೆ ಭಾಷಣ ನಿಲ್ಲುತ್ತಿರಲಿಲ್ಲ. ಅವರು ನಗುತ್ತ ಕೇಳಿಸಿಕೊಂಡು ಆಮೇಲೆ ತಮ್ಮದನ್ನು ಹೇಳುವರು. ಒಬ್ಬ ಸ್ಯಾಕ್ಸೊಫೋನ್ ವಾದಕನ ಬಗ್ಗೆ ಹೀಗೆ: “ಈವಯ್ಯ ದಾರಿ ಬುಟ್ಟು ಓಯ್ತಾನೆ, ಓಯ್ತಾನೆ... ಎಲ್ಲಿ ಕಳ್ದೋದ್ನಪ್ಪಾ ಅನ್ನೋ ಒತ್ಗೆ ಮನೆ ಬಾಗ್ಲಲ್ಲಿ ನಿಂತಿರ್ತಾನೆ.” ಒಂದು ವೀಣೆಯ ಬಗ್ಗೆ: “ಗೇಟು ಒಂದಿಂಚು ಎತ್ತಿದ್ರೆ ನೀರು ಬರೋಕ್ ಮುಂಚೆ ಕಬ್ಣ ನಡುಗ್ತದೆ. ಇದೂ ಅಂಗೆ ಕಣ್ ಸಾ. ನಾದಕ್ಕಿಂತ ಮುಂಚೆ ನಡುಕ ಬತ್ತದೆ.”

ಹಾಸನದ ಒಂದು ವಾರಪತ್ರಿಕೆಯವರು ಸಂಗೀತದ ಬಗ್ಗೆ ಬರೆಯಿರಿ ಎಂದಾಗ ನಾನು ಸಣ್ಣಪ್ಪನವರಿಂದ ಹತ್ತು ಪ್ಲೇಟು ಕೇಳಿ ಪಡೆದು ಮನೆಗೆ ಒಯ್ದೆ. ಕವರಿನ ಮುಂದಿನ ಇಂಗ್ಲಿಷ್ ಹೆಸರು ನಾನು ಓದಿಕೊಂಡೆ. ಹಿಂದಿನ ಪೆನ್ಸಿಲ್ ಸಾಲುಗಳನ್ನು ಶುದ್ಧ ಕನ್ನಡಕ್ಕೆ ತಿದ್ದಿ ಇಳಿಸಿಕೊಂಡೆ. ಅಚ್ಚಾದ ಲೇಖನದಲ್ಲಿ ಸಣ್ಣಪ್ಪನವರ ಹೆಸರು ಒಂದು ಮೂಲೆಯಲ್ಲೂ ಇಲ್ಲ. ಪಾಪ, ಅವರಿಗೇಕೆ ಪತ್ರಿಕೆಯ ಗೊಡವೆ ಎಂದು ನನಗೆ ನಾನೇ ಹೇಳಿಕೊಂಡೆ. ಅದನ್ನು ಓದಿ ಚನ್ನರಾಯಪಟ್ಟಣದ ಸಂಗೀತ ಸಭೆಯವರು ಕರೆದು ಶಾಲು ಹೊದಿಸಿದರು. “ಇಂಥಾ ಮಾತು ನಿಮಗೆ ಹೇಗೆ ಹೊಳೆಯುತ್ತೆ?” ಎಂದು ಒಬ್ಬರು ಕೇಳಿದರು. “ಕಣ್ಣು ಮುಚ್ಚಿ ಕೂತರೆ ತಾನಾಗಿ ಬರುತ್ತೆ” ಅಂದೆ. ಆ ಉತ್ತರ ನೆನೆದರೆ ಇವತ್ತಿಗೂ ಮೈ ಹಿಡಿಯಷ್ಟಾಗುತ್ತದೆ.

ಮೂರು ತಿಂಗಳು ಅವರ ಮನೆ ಕಡೆ ತಲೆ ಹಾಕಲಿಲ್ಲ. ಕೊನೆಗೆ ಪ್ಲೇಟುಗಳನ್ನು ಹಿಂದಿರುಗಿಸಲು ಹೋದೆ. ಅದೇ ಕೊನೆಯ ಭೇಟಿ. ಆ ವರ್ಷವೇ ಅವರು ನಿವೃತ್ತರಾಗಿ ತಮ್ಮೂರು ಬಾಗೂರಿಗೆ ಹೋದರು, ನಾನು ಹೋಗಿ ನೋಡುವ ಧೈರ್ಯ ಮಾಡುವುದರೊಳಗೆ ತೀರಿಕೊಂಡರು.

ಆ ಕೊನೆಯ ಭೇಟಿಯ ದಿನ ನನ್ನ ಲೇಖನವಿದ್ದ ಪತ್ರಿಕೆಯ ತುಂಡು ಅವರ ಜೇಬಿನಲ್ಲೇ ಇತ್ತು. “ಚೆಂದಾಗ್ ಬರ್ದಿದೀರಿ ಸಾ. ನಂಗೂ ಅಂಗೇ ಕೇಳುಸ್ತಿತ್ತು. ಓದ್ದೋರ್ಗೂ ಅಂಗೇ ಕೇಳುಸ್ತದೆ ಅಂದ್ಮೇಲೆ ನನ್ ಕಿವಿ ಸರಿಯಾಗೈತೆ ಬುಡಿ.”

ಮುಖದಲ್ಲಿ ಕುಹಕವಿದೆಯೇ ಎಂದು ಹುಡುಕಿದೆ. ಇದ್ದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಅವರು ಕೈ ತೊಳೆದು, ಮೂಸಿ, ಒಂದು ರಬ್ಬರು ತಂದು ಕೂತರು. ನಾನು ತಂದ ಕವರುಗಳ ಹಿಂದಿನ ಸಾಲುಗಳನ್ನು ಅಳಿಸತೊಡಗಿದರು.

“ಯಾಕೆ ಸಣ್ಣಪ್ಪನವರೇ?”

“ನಾಳೆ ಯಾರಾನ ನೋಡಿದ್ರೆ, ಮೇಷ್ಟ್ರುದ್ನ ಕದ್ದು ಬರ್ಕಂಡವ್ನೆ ಅಂದಾರು.”

ಬೇಡ, ಅದು ನಿಮ್ಮದೇ ಎನ್ನಬೇಕಿತ್ತು. ವೀಣೆಯ ಕವರು ಹಳೆಯದು, ರಬ್ಬರಿಗೆ ಜರುಗುತ್ತಿತ್ತು.

“ಈ ತುದಿ ವಸಿ ಇಡ್ಕಳಿ ಸಾ, ಅರ್ದೋದಾತು.”

ನಾನು ಗಟ್ಟಿಯಾಗಿ ಹಿಡಿದುಕೊಂಡೆ.