ಗೇಟುಗಂಬದ ಬಕೆಟ್

ಹಿಮ ಬಿದ್ದ ಬೆಳಿಗ್ಗೆ ಕ್ಲೆಮ್ ಹ್ಯಾಡೋ ಕೂತಲ್ಲಿ ಕೂರುವ ಆಸಾಮಿಯಲ್ಲ. ಟೋಸ್ಟ್ ಅರ್ಧ ಕಚ್ಚಿ ಕಿಟಕಿಗೆ ಓಡುವುದು, ಉರಿಯುವ ಒಲೆಗೆ ಬೇಡದ ಕಟ್ಟಿಗೆ ತುರುಕುವುದು, ಮತ್ತೆ ಕಿಟಕಿ. ಬೆಟ್ಟದೂರು ಕಿಲ್ಲಾಂಬ್ರಾದ ಬೀದಿಗಳಲ್ಲಿ ಹಿಮ ತಳ್ಳುವ ಲಾರಿ ಓಡಿಸುತ್ತಲೇ ಕೂದಲು ನರೆಸಿಕೊಂಡವನು ಅವನು. ಈಗ ಅದರ ಸ್ಟೀರಿಂಗ್ ಮಗಳು ಬ್ರೋನಿಯ ಕೈಯಲ್ಲಿದೆ. ಬೇಸಿಗೆಯಲ್ಲಿ ಅವನ ಎದೆ ಕೊಯ್ದು ಹೊಲಿದ ಸಿಡ್ನಿಯ ಡಾಕ್ಟರು, ಇನ್ನು ಸಲಿಕೆ ಹಿಡಿದರೆ ಜೀವಕ್ಕೇ ಸಂಚಕಾರ ಎಂದು ಕಡ್ಡಿ ಮುರಿದಂತೆ ಹೇಳಿ ಕಳಿಸಿದ್ದರು.

ಆ ಲಾರಿ ರಸ್ತೆಯನ್ನೇನೋ ಬಿಡಿಸುತ್ತದೆ, ಆದರೆ ಮನೆಮನೆಯ ಗೇಟಿಗೂ ಮೊಣಕಾಲೆತ್ತರದ ಹಿಮದ ಒಡ್ಡು ಹಾಕಿ ಹೋಗುತ್ತದೆ. ಅದನ್ನು ತೆಗೆಯುವ ಕರ್ಮ ಮನೆಯವರದು. ಕೈಲಾಗದವರು ಗೇಟುಗಂಬದ ಮೇಲೆ ಬಕೆಟ್ ಬೋರಲು ಹಾಕುತ್ತಾರೆ. ಅಲ್ಲಿ ಲಾರಿಯ ಮುಂದಿನ ಅಲಗು ಹೊರಳಿ ಹಿಮವನ್ನು ಆಚೆ ಬದಿಗೆ ತಳ್ಳುತ್ತದೆ. ಈ ಪದ್ಧತಿ ತಂದವನೇ ಕ್ಲೆಮ್. ಒಮ್ಮೆ ಐಲ್ಸಾ ಎಂಬ ಮುದುಕಿಗೆ ಅವಳು ಕೇಳದೆಯೇ ಹೀಗೆ ಉಪಕಾರ ಮಾಡಲು ಹೋಗಿ, 'ನಾನಿನ್ನೂ ಸತ್ತಿಲ್ಲ' ಎಂದು ಅವಳಿಂದ ನಡುಬೀದಿಯಲ್ಲಿ ಮಂಗಳಾರತಿ ಮಾಡಿಸಿಕೊಂಡಿದ್ದ. ಬಕೆಟ್ ಇಲ್ಲದ ಗೇಟಿಗೆ ಕನಿಕರ ತೋರಿಸಬೇಡ, ಅದು ಅವಮಾನ ಎಂದು ಮಗಳಿಗೂ ಕಲಿಸಿದ್ದ.

ಈಗ ನೋಡಿ, ಹೆಂಡತಿ ಥೆಲ್ಮಾ ಬಕೆಟ್ ಇಡುವುದು, ಇವನು ತೆಗೆಯುವುದು. ಅಲ್ಲಿ ಚಳಿಗಾಲ ಶುರುವಾಗುವ ಜೂನ್ ತಿಂಗಳಿಡೀ ಇದೇ ಹಗ್ಗಜಗ್ಗಾಟ.

"ಅದು ಮುದುಕರಿಗೆ ಕಣೆ," ಎಂದ ಕ್ಲೆಮ್.

"ಓಹೋ, ನೀನು ಹಾಲುಗಲ್ಲದ ಹುಡುಗ! ನನ್ನ ವಿಧವೆ ಮಾಡಿದ್ಮೇಲೇ ನಿಂಗೆ ಸಮಾಧಾನ."

ಬ್ರೋನಿ ಮಾತ್ರ ಅಪ್ಪ ಕಲಿಸಿದ್ದನ್ನೇ ಪಾಲಿಸಿದಳು. ಬಕೆಟ್ ಕಾಣದಿದ್ದರೆ ಒಡ್ಡು ಹಾಕಿ ಮುಂದೆ ಹೋಗುವಳು. ಅಪ್ಪನಿಗೆ ಅದೇ ದೊಡ್ಡ ಹೆಮ್ಮೆ. ಮಗಳ ಕಣ್ಣಿಗಾದರೂ ತಾನು ಗಟ್ಟಿಮುಟ್ಟಾಗಿದ್ದೇನೆ ಎಂದುಕೊಂಡು, ನಿಂತು ನಿಂತು ಉಸಿರೆಳೆದುಕೊಂಡು ಒಡ್ಡು ತೆಗೆಯುವನು.

ಜುಲೈಯಲ್ಲಿ ಒಂದು ದಿನ ಬ್ರೆಡ್ಡಿಗೆಂದು ಬೇಕರಿಗೆ ಹೋದಾಗ ಅಲ್ಲಿನ ವರ್ನ್ ಗೊಣಗತೊಡಗಿದ.

"ನಿನ್ನ ಮಗಳಿಗೆ ಒಂದ್ಮಾತು ಹೇಳು ಮಾರಾಯ. ಹಿಮ ಬಿದ್ದಾಗೆಲ್ಲ ಚರ್ಚ್ ತಿರುವಿನಲ್ಲಿ ಲಾರಿ ನಿಲ್ಲಿಸ್ಕೊಂಡು ಕೂತ್ಬಿಡ್ತಾಳೆ. ಹಿಂದೆ ಸ್ಕೂಲ್ ಬಸ್ಸು, ನನ್ನ ಬೇಕರಿಗೆ ಹಾಲು ತರೋ ಗಾಡಿ, ಎಲ್ಲ ಸಾಲಾಗಿ ನಿಂತಿರ್ತವೆ. ಕೇಳಿದ್ರೆ ಇಂಜಿನ್ ಬಿಸಿಯಾಗಿದೆ ಅಂತಾಳೆ. ಈ ಚಳೀಲಿ!"

ಕ್ಲೆಮ್ ಮಗಳ ಪರ ವಹಿಸಿ ಏನೋ ಒಂದು ಹೇಳಿ ಹೊರಬಿದ್ದ. ವಾಪಸು ಬರುವಾಗ ಉಸಿರು ಕಟ್ಟಿ ಅದೇ ತಿರುವಿನಲ್ಲಿ ನಿಂತ. ಇಲ್ಲಿ ಅಂಥದ್ದೇನಿದೆ ಎಂದು ಸುಮ್ಮನೆ ತಲೆಯೆತ್ತಿ ನೋಡಿದ. ಅಲ್ಲಿಂದ ನೆಟ್ಟಗೆ ಕಾಣುತ್ತಿದ್ದದ್ದು ಒಂದೇ ಗೇಟು, ಅವನದು.

ತಾನು ಸಲಿಕೆ ಕೆಳಗಿಟ್ಟು ಒಳಗೆ ಹೋಗುವವರೆಗೂ ಮಗಳು ಇಲ್ಲಿ ಜೀವ ಕೈಯಲ್ಲಿ ಹಿಡಿದು ಕೂತಿರುತ್ತಾಳೆ. ಊರೆಲ್ಲ ಬೈದರೂ ಬೈಸಿಕೊಂಡು ಕೂತಿರುತ್ತಾಳೆ. ಅವನಿಗೆ ನಾಚಿಕೆಯಾಯಿತು. ಸಂಕಟವೂ ಆಯಿತು.

ಮುಂದಿನ ಸಲ ಹಿಮ ಬಿದ್ದಾಗ ಥೆಲ್ಮಾ ಬಕೆಟ್ ಹುಡುಕಿದಳು, ಸಿಗಲಿಲ್ಲ. ಬಾಗಿಲು ತೆರೆದರೆ ಅದು ಆಗಲೇ ಕಂಬದ ಮೇಲಿತ್ತು. ಅವಳು ಒಳಗೆ ಬಂದು ಚಹಾ ಬಗ್ಗಿಸಿದಳು. ಲಾರಿ ಬಂತು, ಅಲಗು ಹೊರಳಿತು, ಗೇಟಿನ ಮುಂದೆ ಒಡ್ಡು ಬೀಳಲಿಲ್ಲ. ಕ್ಲೆಮ್ ಕಿಟಕಿ ಬಿಟ್ಟು ಕದಲದೆ ಕಿವಿಗೊಟ್ಟು ನಿಂತ. ಚರ್ಚ್ ತಿರುವಿನಲ್ಲಿ ಇಂಜಿನ್ ನಿಲ್ಲಲಿಲ್ಲ. ಸದ್ದು ನೇರ ಶಾಲೆಯ ದಿಬ್ಬ ಹತ್ತಿ ಹೋಯಿತು.

"ಕೂತ್ಕೋ, ಟೋಸ್ಟ್ ಆರ್ತಿದೆ," ಎಂದಳು ಥೆಲ್ಮಾ.

ಅವನು ಕೂತ.