ದೊಡ್ಡವ್ವ ಹೇಳಿದ್ದು, ನಾನು ಹೇಳಿದ್ದು

ಕಳೆದ ವರ್ಷ ಓಣಂ ರಜೆಗೆ ಒಂದು ವಾರ ಮುಂಚೆ ನಡೆದದ್ದು. ನಾನು ಕೊಚ್ಚಿಯ ವಲ್ಲಾರ್ಪಾಡಂನಲ್ಲಿ ಕಂಟೇನರ್ ಕಂಪನಿಯೊಂದರ ಕಚೇರಿಯಲ್ಲಿದ್ದೇನೆ. ನನ್ನನ್ನು ನೋಡಲು ಧಾರವಾಡದಿಂದ ಬಂದಿದ್ದ ದೊಡ್ಡವ್ವನಿಗೆ ಕಾಲು ಬಾತುಕೊಂಡಿತು, ಮಲಗಿದರೆ ಉಸಿರು ಕಟ್ಟತೊಡಗಿತು. ಹೃದಯ ಸೋತಿದೆ ಎಂದು ಆಸ್ಪತ್ರೆಗೆ ಸೇರಿಸಿಕೊಂಡರು. ಐದು ದಿನ ಔಷಧ ಕೊಟ್ಟ ಮೇಲೆ ಬಾವು ಇಳಿಯಿತು.

ಆರನೆಯ ದಿನ ಬೆಳಿಗ್ಗೆ ವೃದ್ಧರನ್ನು ನೋಡುವ ಡಾಕ್ಟರು ಫಾರಂ ಹಿಡಿದು ಬಂದರು. "ಈ ವಯಸ್ಸಿಗೆ ಹೃದಯದ ಸ್ಕ್ಯಾನ್ ಒಂದೇ ಸಾಲದು. ನಡಿಗೆ, ಕೈ ಬಿಗಿ, ಊಟ, ನೆನಪು ಎಲ್ಲ ನೋಡಿದರೇ ಮುಂದೆ ಹೇಗಿರುತ್ತಾರೆ ಅಂತ ತಿಳಿಯೋದು," ಎಂದರು. ಎಲ್ಲ ಸರಿಯಿದ್ದರೆ ಮಧ್ಯಾಹ್ನವೇ ಬಿಡುಗಡೆ. ಸಂಜೆಯ ರೈಲಿಗೆ ಟಿಕೆಟ್ ಆಗಿತ್ತು. ದೊಡ್ಡವ್ವನಿಗೆ ಕನ್ನಡವೊಂದೇ ಗೊತ್ತು, ಡಾಕ್ಟರರದು ಮಲಯಾಳಂ. ಇಬ್ಬರ ಮಾತನ್ನೂ ದಾಟಿಸುವವಳು ನಾನೇ.

ದೊಡ್ಡವ್ವ ನಿಧಾನವಾಗಿ ನಡೆದು ತೋರಿಸಿದಳು. ಡಾಕ್ಟರರ ಕೈ ಹಿಸುಕಿದಳು.

"ಮನೆಯಲ್ಲಿ ಜೊತೆಗೆ ಯಾರಿದ್ದಾರೆ?"

ದೊಡ್ಡವ್ವ ಕಿಟಕಿ ಪಕ್ಕದ ಖಾಲಿ ಕುರ್ಚಿಯತ್ತ ನೋಡಿ ನಕ್ಕಳು. "ನಿಮ್ಮ ದೊಡ್ಡಪ್ಪ ಅದಾರಲ್ಲ. ಮುಂಜಾನಿಂದ ಅಲ್ಲೇ ಕುಂತಾರ. ಕಾಲು ತೊಯ್ದಾವ ನೋಡು."

ದೊಡ್ಡಪ್ಪ ತೀರಿಕೊಂಡು ಹನ್ನೊಂದು ವರ್ಷ. ನನಗೆ ಹೆದರಿಕೆಗಿಂತ ಹೆಚ್ಚಾಗಿ ನಾಚಿಕೆಯಾಯಿತು. ಇವಳಿಗೆ ಅರಳುಮರಳು ಎಂದುಕೊಂಡಾರು ಅನ್ನಿಸಿ, "ಜೊತೆಗೆ ನಾನಿದ್ದೇನೆ ಎನ್ನುತ್ತಿದ್ದಾಳೆ," ಅಂದುಬಿಟ್ಟೆ. ಇದು ಯಾವ ತಿಂಗಳು ಎಂದು ಕೇಳಿದಾಗ ತಪ್ಪು ಹೇಳಿದಳು, ಅದನ್ನೂ ತಿದ್ದಿ ಹೇಳಿದೆ. ಡಾಕ್ಟರು ಸಹಿ ಹಾಕಿದರು.

ನಾನು ಬ್ಯಾಗು ತುಂಬುತ್ತಿದ್ದಾಗ ಕೈಗೆ ಚುಚ್ಚಿದ್ದ ಸೂಜಿ ತೆಗೆಯಲು, ಎಲ್ಲರೂ ಚೇಚಿ, ಅಂದರೆ ಅಕ್ಕ, ಎಂದು ಕರೆಯುವ ನರ್ಸ್ ಬಂದಳು. ದೊಡ್ಡವ್ವ ಕುರ್ಚಿಗೆ ಹೇಳುತ್ತಿದ್ದಳು: "ತಡೀರಿ, ಸೀರಿ ಉಟ್ಕೊಂಡು ಬರ್ತೇನಿ. ದೂರ ಐತೇನು?"

"ಅಮ್ಮಚ್ಚಿ ಯಾರ ಹತ್ರ ಮಾತಾಡ್ತಿದ್ದಾರೆ, ಮೋಳೆ?" ಎಂದು ನನ್ನನ್ನು ಮಗಳೇ ಎಂದು ಕರೆದು ಕೇಳಿದಳು.

"ಸುಮ್ಮನೆ, ಚೇಚಿ. ಅಭ್ಯಾಸ."

ಅವಳು ಸೂಜಿ ತೆಗೆಯಲಿಲ್ಲ. "ನಿಮ್ಮ ಭಾಷೆ ನನಗೆ ಬರೋಲ್ಲ. ಆದರೆ ಅವರು ಏನೋ ಕೇಳಿ, ಉತ್ತರಕ್ಕೆ ಕಾಯ್ತಿದ್ದಾರೆ."

ಆಗ ನಿಜ ಹೇಳಿದೆ. ಅವಳು ಡಾಕ್ಟರರನ್ನು ಕರೆಯಲು ಓಡಿದಳು. ಪರೀಕ್ಷಿಸಿದರೆ, ಬಾವು ಇಳಿಸಿದ ಔಷಧದಿಂದ ರಕ್ತದಲ್ಲಿ ಉಪ್ಪಿನಂಶ ಪಾತಾಳಕ್ಕೆ ಇಳಿದು ಬುದ್ಧಿ ಕದಡಿತ್ತು. ಐಸಿಯು ಬಾಗಿಲು ದಾಟುವಷ್ಟರಲ್ಲೇ ದೊಡ್ಡವ್ವನಿಗೆ ಫಿಟ್ಸ್ ಬಂತು. "ಇದು ರೈಲಿನಲ್ಲಿ ಬಂದಿದ್ದರೆ..." ಎಂದರು ಡಾಕ್ಟರು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಎಷ್ಟು ಸಲೀಸಾಗಿ ಬಂದಿತ್ತು ನನ್ನ ಬಾಯಿಂದ ಆ ಉತ್ತರ. ಈಗಲೂ ಕೆಲಸದ ಮಧ್ಯೆ ಅದೇ ದನಿ ಕೇಳಿಸುತ್ತದೆ.

ಹತ್ತು ದಿನದ ನಂತರ ಅದೇ ಕೋಣೆಯಲ್ಲಿ ಮತ್ತೆ ಅದೇ ಫಾರಂ, ಅದೇ ಪ್ರಶ್ನೆ. ದೊಡ್ಡವ್ವ ಕಿಟಕಿಯ ಕಡೆ ಬಹಳ ಹೊತ್ತು ನೋಡಿದಳು.

"ಯಾರೂ ಇಲ್ಲವ್ವಾ. ಇಲ್ಲಿ ನೀ ಒಬ್ಬಾಕಿ."

ಈ ಸಲ ಒಂದಕ್ಷರವೂ ಬಿಡದೆ ಹೇಳಬೇಕೆಂದು ನಿಶ್ಚಯಿಸಿದ್ದೆ. ಹಾಗೇ ಹೇಳಿದೆ. ಆದರೆ ಬಾಯಿ ತೆರೆಯುವ ಮೊದಲು ನಾನೂ ಒಮ್ಮೆ ಆ ಕುರ್ಚಿಯ ಕೆಳಗೆ, ತೊಯ್ದ ಕಾಲಿಟ್ಟ ನೆಲ ಒಣಗಿದೆಯೇ ಎಂದು ನೋಡಿದೆ.