ಬೆಳಕಿಂಡಿಗೆ ಅಡ್ಡ ನಿಂತ ಟಾಕಿ

ಸಗರದ ನಮ್ಮ ಮನೆಗೆ ಹೊಸ ಕೋಣೆ ಕೂಡಿಸುವ ಕೆಲಸ ಮಾರ್ಚ್ ಎರಡಕ್ಕೆ ಶುರುವಾಗಿ ಜೂನ್ ಹನ್ನೊಂದಕ್ಕೆ ಮುಗಿಯಿತು. ಒಟ್ಟು ನೂರಾ ಎರಡು ದಿನ. ಗೋಡೆ ಕಟ್ಟುವ ಗೌಂಡಿ ಬಂದದ್ದು ಅರವತ್ತೊಂದು ದಿನ, ‘ನಾಳಿ ಬರ್ತೀನಿ’ ಎಂದು ಹೇಳಿ ಕಳಿಸಿದ್ದು ನಲವತ್ತೊಂದು ದಿನ. ಇದು ನನ್ನ ಡೈರಿಯಲ್ಲಿದೆ. ಒಂಬತ್ತನೇ ತರಗತಿಯಿಂದ ನಾನು ಡೈರಿ ಬರೆಯುತ್ತಿದ್ದೇನೆ. ಪ್ರತಿ ಪುಟದ ಕೆಳಗೆ ‘ಇತರೆ’ ಎಂದು ಒಂದು ಗೆರೆ ಬಿಡುತ್ತೇನೆ. ಮುಖ್ಯವಲ್ಲದ್ದನ್ನು ಅಲ್ಲಿ ಹಾಕುತ್ತೇನೆ.

ಹಳೆಯ ಮನೆ ಕಲ್ಲಿನದು, ಮೇಲೆ ಮಣ್ಣಿನ ಮಾಳಿಗೆ. ಮಳೆಗಾಲಕ್ಕೆ ಮುಂಚೆ ವರ್ಷಕ್ಕೊಮ್ಮೆ ಬುಟ್ಟಿಗಟ್ಟಲೆ ಸೌಳುಮಣ್ಣು ಹೊತ್ತು ಮಾಳಿಗೆಯ ಮೇಲೆ ಹರವುತ್ತೇವೆ, ನೀರು ಇಳಿಯದಿರಲೆಂದು. ಒಳಗೆ ಕಿಟಕಿ ಇಲ್ಲ. ಒಂದು ಬಾಗಿಲು, ನಡುಮನೆಯ ಮೇಲೆ ಒಂದೂವರೆ ಅಡಿ ಚೌಕದ ಒಂದು ಬೆಳಕಿಂಡಿ. ಮಳೆ ಬಂದರೆ ಯಾರಾದರೂ ಮೇಲೆ ಓಡಿ ಅದಕ್ಕೆ ತಗಡು ಮುಚ್ಚಬೇಕು.

ಬೆಳಕಿಂಡಿಯಿಂದ ಬೀಳುವ ಬಿಸಿಲಿನ ಚೌಕ ಆಯಿಯದು. ಆಯಿ ಎಂದರೆ ಅಪ್ಪನ ತಾಯಿ. ಹಳೆಯ ಸೀರೆಗಳನ್ನು ಪದರ ಪದರವಾಗಿ ಹಾಸಿ, ಸಾಲು ಸಾಲಾಗಿ ಹೊಲಿದು ಕೌದಿ ಮಾಡುತ್ತಾಳೆ. ಚೌಕ ಸರಿದ ಹಾಗೆ ತಾನೂ ಸರಿಯುತ್ತಾಳೆ. ಅವಳ ಎರಡೂ ಕಣ್ಣಿಗೆ ಪೊರೆ ಬಂದಿದೆ. ಅಂಗಳದ ಬಿಸಿಲಿಗೆ ಕಣ್ಣಲ್ಲಿ ನೀರು ಸುರಿಯುತ್ತದೆ, ಟ್ಯೂಬ್‌ಲೈಟಿನಲ್ಲಿ ದಾರ ಕಾಣುವುದಿಲ್ಲ. ಕತ್ತಲಮನೆಯ ಆ ಒಂದು ಚೌಕದಲ್ಲಿ ಮಾತ್ರ ಸೂಜಿಯ ತುದಿ ಕಾಣುತ್ತದೆ. ಆ ವರ್ಷ ಅಕ್ಕ ಬಸುರಿ, ಜನವರಿಗೆ ದಿನ ತುಂಬುತ್ತಿತ್ತು. ನಮ್ಮ ಮನೆಯ ಯಾವ ಕೂಸನ್ನೂ ಆಯಿಯ ಕೌದಿ ಇಲ್ಲದೆ ತೊಟ್ಟಿಲಿಗೆ ಹಾಕಿಲ್ಲ. ಇಲ್ಲಿಯವರೆಗೆ ಹದಿನಾಲ್ಕು ಕೂಸು, ಹದಿನಾಲ್ಕು ಕೌದಿ. ಕಣ್ಣಿನ ಆಪರೇಷನ್ ಮಾಡಿಸೋಣವೆಂದರೆ ಆಯಿ, “ಹದಿನೈದನೇದು ಮುಗೀಲಿ. ಡಾಕ್ಟರ್ ಎಲ್ಲಿಗೂ ಓಡಿ ಹೋಗಂಗಿಲ್ಲ” ಎಂದಳು.

ಹೊಸ ಕೋಣೆ ಹಳೆಯ ಮನೆಯ ದಕ್ಷಿಣ ಗೋಡೆಗೆ ಅಂಟಿಕೊಂಡಿತ್ತು. ಸಿಮೆಂಟಿನ ಸ್ಲ್ಯಾಬು, ಟೈಲ್ಸು, ಒಳಗೇ ಬಚ್ಚಲು, ಶವರು. ಆಯಿಯ ಮೊಣಕಾಲಿಗೆ ಅನುಕೂಲವಾಗಲೆಂದು ಕಟ್ಟಿಸಿದ್ದು, ಅಕ್ಕನ ಬಾಣಂತನಕ್ಕೂ ಆಗುತ್ತಿತ್ತು. ನೀರಿನ ಟಾಕಿ ಸ್ಲ್ಯಾಬಿನ ಮೇಲೆ ಎಲ್ಲಿ ಕೂಡಬೇಕೆಂಬ ಪ್ರಶ್ನೆ ಬಂತು. ಹಳೆಯ ಮನೆಯ ಪಕ್ಕಕ್ಕೇ ಕೂಡಿಸಿದರೆ ಪೈಪು ಕಡಿಮೆ, ಕೆಳಗೆ ಪಿಲ್ಲರೂ ಇದೆ ಎಂದ ಗೌಂಡಿ. ಬೆಳಕಿಂಡಿಗೆ ನೆರಳು ಬಿದ್ದರೆ ಏನು ಗತಿ ಎಂದು ನಾನು ಕೇಳಿದೆ. ಯಾರಿಗೂ ಗೊತ್ತಿರಲಿಲ್ಲ. ಅಳೆದು ನೋಡುತ್ತೇನೆ ಎಂದೆ.

ಮೇ ಐದರಿಂದ ಹದಿಮೂರರವರೆಗೆ, ಒಂಬತ್ತು ದಿನ, ಟಾಕಿಯಷ್ಟೇ ಎತ್ತರದ ಬಿದಿರನ್ನು ಆ ಜಾಗದಲ್ಲಿ ನಿಲ್ಲಿಸಿ ಮಧ್ಯಾಹ್ನದ ನೆರಳು ಅಳೆದೆ. ನೆರಳು ಬಿದಿರಿನ ಬುಡ ಬಿಟ್ಟು ಹೋಗಲಿಲ್ಲ. ಒಂಬತ್ತು ದಿನವೂ ಸೊನ್ನೆಗೆ ಹತ್ತಿರ. ಇಷ್ಟು ಅಚ್ಚುಕಟ್ಟಾದ ಫಲಿತಾಂಶ ನನಗೆ ಕಾಲೇಜಿನ ಲ್ಯಾಬಿನಲ್ಲೂ ಬಂದಿರಲಿಲ್ಲ.

ಗೌಂಡಿ ಬಿದಿರನ್ನು ನೋಡಿ, “ಏನ್ ತಂಗಿ, ಧ್ವಜ ಏರಿಸಾಕತ್ತೀಯೇನು?” ಎಂದ.

ಆಯಿ ಕೆಳಗಿನಿಂದಲೇ ಏನೋ ಹೇಳಿದಳು. ಅದನ್ನೂ ಬರೆದುಕೊಂಡೆ. ಅಪ್ಪನಿಗೆ ಡೈರಿ ತೋರಿಸಿದೆ. ಅಪ್ಪ ಸುರಪುರದಲ್ಲಿ ಗುಮಾಸ್ತರು, ಬರಹದಲ್ಲಿದ್ದದ್ದನ್ನು ನಂಬುತ್ತಾರೆ. ಟಾಕಿ ಅಲ್ಲೇ ಕೂತಿತು.

ನವೆಂಬರ್ ಇಪ್ಪತ್ತೇಳಕ್ಕೆ ಆಯಿ ದಾರ ಕೆಟ್ಟದ್ದು ಎಂದಳು. ಶಹಾಪುರದಿಂದ ಬೇರೆ ದಾರ ತಂದೆ. ಮೂವತ್ತಕ್ಕೆ ಅದೂ ಕೆಟ್ಟದ್ದಾಯಿತು. ಡಿಸೆಂಬರ್ ಮೂರಕ್ಕೆ ಸೂಜಿ ಕೆಟ್ಟಿತು. ನಾನು ಬೆಳಿಗ್ಗೆ ಎಂಟರ ಬಸ್ಸಿಗೆ ಕಾಲೇಜಿಗೆ ಹೋಗಿ ಐದಕ್ಕೆ ಬರುತ್ತಿದ್ದೆ. ಕೆಟ್ಟ ಸಾಮಾನುಗಳ ಪಟ್ಟಿ ಮಾಡುತ್ತಿದ್ದೆ.

ಡಿಸೆಂಬರ್ ಐದಕ್ಕೆ ಕಾಲೇಜು ಬೇಗ ಬಿಟ್ಟಿತು. ಹನ್ನೆರಡೂಕಾಲಿಗೆ ನಡುಮನೆಗೆ ಕಾಲಿಟ್ಟೆ. ಚೌಕ ಇರಲಿಲ್ಲ. ಅದು ಇರಬೇಕಾದ ಜಾಗದಲ್ಲಿ ಆಯಿ ಕೌದಿಯನ್ನು ಮೂಗಿಗೆ ಹಿಡಿದುಕೊಂಡು, ಎಡಗೈ ಬೆರಳಿನಿಂದ ಹಿಂದಿನ ಸಾಲು ತಡವಿ ತಡವಿ ಹೊಲಿಯುತ್ತಿದ್ದಳು.

“ಆಯಿ, ಬಿಸಲು ಎಲ್ಲಿ ಹೋತು?”

“ಊಟಕ್ಕ ಹೋಗ್ಯಾದ. ಹನ್ನೊಂದಕ್ಕ ಹೋದ್ರ ಒಂದಕ್ಕ ಬರ್ತದ. ಬಂದು ಗ್ವಾಡಿ ಮ್ಯಾಲ ಕುಂದರ್ತದ, ನನ್ನ ಕಡಿ ಬರಂಗಿಲ್ಲ.”

“ಮತ್ತ ದಾರ ಕೆಟ್ಟದ ಅಂತ ಯಾಕ ಅಂದಿ?”

“ಕಣ್ಣು ಕೆಟ್ಟಾವ ಅಂದ್ರ ನಿಮ್ಮಪ್ಪ ನಾಳಿಗೇ ದವಾಖಾನಿಗಿ ಒಯ್ತಾನ. ಕೂಸು ಬರಿ ತೊಟ್ಟಲದಾಗ ಮಲಗ್ತದ.”

ಮಾಳಿಗೆ ಹತ್ತಿದೆ. ಟಾಕಿಯ ನೆರಳು ಬೆಳಕಿಂಡಿಯನ್ನು ಪೂರ್ತಿ ಮುಚ್ಚಿ ಮಲಗಿತ್ತು. ಸೂರ್ಯ ಚಳಿಗಾಲದಲ್ಲಿ ದಕ್ಷಿಣಕ್ಕೆ ವಾಲುತ್ತಾನೆ. ಇದನ್ನು ನಾನು ಪರೀಕ್ಷೆಯಲ್ಲಿ ಚಿತ್ರಸಮೇತ ಬರೆದು ಅಂಕ ಪಡೆದಿದ್ದೆ. ಕೆಳಗಿಳಿದು ಮೇ ತಿಂಗಳ ಪುಟ ತೆಗೆದೆ. ಮೇ ಏಳು, ‘ಇತರೆ’ ಗೆರೆಯಲ್ಲಿ ಇತ್ತು: ‘ಆಯಿ ಅಂದದ್ದು—ಬ್ಯಾಸಗಿ ಬಿಸಲು ಎಲ್ಲಾರ ಮನಿಗೂ ಬರ್ತದ, ಚಳಿಗಾಲದಾಗ ಅಳದು ನೋಡು.’

ಸಂಜೆ ಅಪ್ಪನಿಗೆ ತಪ್ಪು ನನ್ನದು ಎಂದೆ. ಅಪ್ಪ ಮೇ ತಿಂಗಳ ಪುಟ, ಆ ದಿನದ ಪುಟ ಎರಡೂ ಓದಿದರು.

“ಟಾಕಿ ಆ ಕಡಿ ತುದಿಗಿ ಸರಸಬಹುದಲ್ಲ?” ಎಂದರು.

“ಗೌಂಡಿನ್ನ ಕೇಳೀನಿ. ಅಲ್ಲಿ ಪಿಲ್ಲರ್ ಇಲ್ಲಂತ. ನೆಲಕ್ಕ ಇಳಸಬೇಕು.”

“ನೆಲಕ್ಕ ಇಳಿಸಿದ್ರ ಶವರಿಗಿ ನೀರು ಏರಂಗಿಲ್ಲ.”

“ಏರಂಗಿಲ್ಲ.”

ಆ ಶವರನ್ನು ಅಪ್ಪ ಬಂದ ಬೀಗರಿಗೆಲ್ಲ ತಿರುಗಿಸಿ ತೋರಿಸಿದ್ದರು. ನನ್ನ ಲೆಕ್ಕದಲ್ಲಿ ಹದಿನೇಳು ಸಲ. ಎದ್ದು ಬಚ್ಚಲಿಗೆ ಹೋಗಿ ಶವರಿನಡಿ ಸ್ನಾನ ಮಾಡಿ ಬಂದರು. ತಲೆ ಒರೆಸುತ್ತ, “ಗೌಂಡಿಗಿ ಫೋನ್ ಹಚ್ಚು” ಎಂದರು.

ಗೌಂಡಿ ಏಳನೇ ತಾರೀಖು ಬಂದ. ‘ನಾಳಿ’ ಎಂದು ನಾಳೆಯೇ ಬಂದರೆ ಆರಾಗಬೇಕಿತ್ತು, ಒಂದೇ ದಿನ ತಡ. “ತಂಗಿ, ಮುಂದಿನ ಸಲ ಬಿದಿರು ವರ್ಷತನಕ ನಿಲ್ಲಿಸು. ಬಳ್ಳಿನಾದ್ರೂ ಹಬ್ಬತದ” ಎಂದ. ಟಾಕಿಗೆ ಹಗ್ಗ ಕಟ್ಟಿ ನಾಲ್ಕು ಜನ ಇಳಿಸಿದರು. ಆಯಿ ಬಾಗಿಲಲ್ಲಿ ಕೂತಿದ್ದಳು, ಕಣ್ಣಲ್ಲಿ ನೀರು ಸುರಿಸುತ್ತ. ಬಿಸಿಲಿಗೆ ಎಂದಳು. ಹನ್ನೆರಡೂ ನಲವತ್ತಕ್ಕೆ ಚೌಕ ನಡುಮನೆಯ ನೆಲಕ್ಕೆ ಬಂತು.

ಕೌದಿ ಡಿಸೆಂಬರ್ ಇಪ್ಪತ್ತೊಂಬತ್ತಕ್ಕೆ ಮುಗಿಯಿತು. ಅಕ್ಕನಿಗೆ ಜನವರಿಯಲ್ಲಿ ಹೆಣ್ಣು ಕೂಸು. ತೊಟ್ಟಿಲಿಗೆ ಹಾಸುವ ಮುನ್ನ ಕೌದಿಯನ್ನು ಅಂಗಳಕ್ಕೆ ಒಯ್ದು ಸೊಟ್ಟ ಸಾಲುಗಳನ್ನು ಎಣಿಸಿದೆ. ಬಿಚ್ಚಿ ಮತ್ತೆ ಹೊಲಿ ಎಂದರೆ ಆಯಿ ಒಪ್ಪಿರಲಿಲ್ಲ. ನೆರಳು ಬೆಳಕಿಂಡಿಯನ್ನು ಪೂರ್ತಿ ಮುಚ್ಚಿದ್ದು ನವೆಂಬರ್ ಇಪ್ಪತ್ತೇಳರಿಂದ ಡಿಸೆಂಬರ್ ಏಳು, ಹನ್ನೊಂದು ದಿನ. ಆ ದಿನಗಳಲ್ಲಿ ದಿನಕ್ಕೊಂದೇ ಸಾಲು ಹೊಲಿದೆ ಎಂದು ಅವಳೇ ಹೇಳಿದ್ದಳು. ಸೊಟ್ಟ ಸಾಲು ಒಂಬತ್ತು.

“ಎರಡು ಕಡಿಮಿ ಬರ್ತಾವ, ಆಯಿ.”

“ಒಂದಿನ ಅಮಾಸಿ, ಸೂಜಿ ಮುಟ್ಟಿಲ್ಲ. ಇನ್ನೊಂದಿನ ಟಾಕಿ ಇಳಸಾದು ನೋಡಕೋತ ಕುಂತಿದ್ದೆ.”

ಲೆಕ್ಕ ಸರಿಹೋಯಿತು. ಶವರು ಈಗಲೂ ಗೋಡೆಯಲ್ಲಿದೆ. ಕೂಸಿನ ಬಟ್ಟೆ ಒಣಹಾಕಲು ಬರುತ್ತದೆ, ಒಮ್ಮೆಗೆ ಮೂರು.